ಎಡಗಿವಿಗೆಷ್ಟು, ಬಲಗಿವಿಗೆಷ್ಟು?

ನಿಮ್ಮ ಮನೆಯ ಆಂಪ್ಲಿಫೈಯರ್ ಮೇಲೋ, ಫೋನಿನ ಸೆಟ್ಟಿಂಗ್ಸ್ ಒಳಗೋ ‘ಬ್ಯಾಲೆನ್ಸ್’ ಅಂತ ಒಂದು ಇರುತ್ತೆ. ಎಡಕ್ಕೆ ತಿರುಗಿಸಿದರೆ ಎಡಗಡೆ ಸದ್ದು ಜಾಸ್ತಿ, ಬಲಕ್ಕೆ ತಿರುಗಿಸಿದರೆ ಬಲಗಡೆ ಜಾಸ್ತಿ. ಸಾಮಾನ್ಯವಾಗಿ ಯಾರೂ ಅದನ್ನು ಮುಟ್ಟೋದಿಲ್ಲ. ಆದರೆ ಊರಿಂದ ಆರು ತಿಂಗಳಿಗೆ ಅಂತ ಬಂದ ತಾತನಿಗೆ ಎಡಗಿವಿ ಹೆಚ್ಚು ಮಂದ ಅಂತ ಗೊತ್ತಾದಾಗ, ಅಥವಾ ಐವತ್ತು ದಾಟಿದ ನಿಮಗೇ ಹಾಡೆಲ್ಲ ಒಂದೇ ಕಡೆಗೆ ವಾಲಿದ ಹಾಗೆ ಕೇಳಿಸತೊಡಗಿದಾಗ, ಮೊದಲು ಕೈ ಹೋಗೋದು ಅಲ್ಲಿಗೇ. ಲೆಕ್ಕ ಸುಲಭ ಅನಿಸುತ್ತೆ. ಎಡಗಿವಿ ಎಷ್ಟು ಮಂದವೋ ಅಷ್ಟು ಸದ್ದನ್ನು ಎಡಕ್ಕೆ ಹೆಚ್ಚು ಕೊಟ್ಟರಾಯ್ತು, ಕನ್ನಡಕದಲ್ಲಿ ಎರಡು ಕಣ್ಣಿಗೆ ಎರಡು ಪವರ್ ಕೊಟ್ಟ ಹಾಗೆ. ಅಲ್ವಾ?

ಒಳಗಿವಿಯ ದೋಷಕ್ಕೆ ಈ ಲೆಕ್ಕ ಹೊಂದೋದಿಲ್ಲ. ಅದನ್ನು ಕಂಡುಕೊಳ್ಳೋದಕ್ಕೆ ಟೆಲಿಫೋನ್ ಎಂಜಿನಿಯರ್‌ಗಳು, ಕಿವಿ ವೈದ್ಯರು, ಯುದ್ಧದಲ್ಲಿ ಕಿವಿ ಕಳೆದುಕೊಂಡ ಸೈನಿಕರು, ಕೊನೆಗೆ ಸ್ಪೀಕರ್ ತಯಾರಿಸುತ್ತಿದ್ದ ಒಬ್ಬ ಮನುಷ್ಯ, ಇಷ್ಟು ಜನ ಸೇರಿ ಐವತ್ತು ವರ್ಷ ತೆಗೆದುಕೊಂಡರು. ಆ ಕಥೆ ಗೊತ್ತಿದ್ದರೆ ನಿಮ್ಮ ಮನೆಯ ಸಿಸ್ಟಮ್ಮನ್ನು ತಾತನ ಕಿವಿಗೆ ಹೊಂದಿಸುವಾಗ ಎಲ್ಲಿ ನಿಲ್ಲಿಸಬೇಕು ಅನ್ನೋದೂ ಗೊತ್ತಾಗುತ್ತೆ. ಅದಕ್ಕೇ ಈ ಬರಹ.

ಶ್ರುತಿಕವೆಯ ಕಾಲ

ಮೊದಲು ಒಂದು ಸಣ್ಣ ಪ್ರಯೋಗ ಮಾಡಿ. ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಂಡು, ಬಾಯಿ ಮುಚ್ಚಿ ‘ಮ್…’ ಅಂತ ಗುನುಗಿ. ಸದ್ದು ಯಾವ ಕಡೆ ಕೇಳಿಸುತ್ತೆ? ತೆರೆದ ಕಿವಿಯಲ್ಲಿ ಕೇಳಿಸಬೇಕು ಅಂದುಕೊಂಡಿರುತ್ತೀರಿ, ಆದರೆ ಮುಚ್ಚಿದ ಕಿವಿಯ ಕಡೆಗೇ ಅದು ವಾಲುತ್ತೆ.

ಜರ್ಮನಿಯ ಎರ್ನ್ಸ್ಟ್ ಹೈನ್‌ರಿಖ್ ವೆಬರ್ ಇದನ್ನು 1834ರಲ್ಲಿ ವಿವರಿಸಿದರು. ಮಿಡಿದ ಶ್ರುತಿಕವೆಯ ಬುಡವನ್ನು ಹಣೆಯ ನಡುವೆ ಇಟ್ಟರೆ, ಕಿವಿಯ ದಾರಿ ಎಲ್ಲೋ ಕಟ್ಟಿಕೊಂಡಿದ್ದವರಿಗೆ ಸದ್ದು ಮಂದವಾದ ಕಿವಿಯಲ್ಲೇ ಜೋರಾಗಿ ಕೇಳಿಸುತ್ತೆ. ಒಳಗಿವಿಯೇ ಸೋತಿದ್ದರೆ ಸದ್ದು ಚೆನ್ನಾಗಿರುವ ಕಿವಿಗೆ ಹೋಗುತ್ತೆ. 1855ರಲ್ಲಿ ಹೈನ್‌ರಿಖ್ ಅಡಾಲ್ಫ್ ರಿನ್ನೆ ಇದಕ್ಕೊಂದು ಜೊತೆ ಪರೀಕ್ಷೆ ಕೊಟ್ಟರು. ಕವೆಯನ್ನು ಕಿವಿಯ ಹಿಂದಿನ ಮೂಳೆಯ ಮೇಲಿಟ್ಟಾಗ ಹೆಚ್ಚು ಕೇಳುತ್ತಾ, ಕಿವಿಯ ಮುಂದೆ ಹಿಡಿದಾಗ ಹೆಚ್ಚು ಕೇಳುತ್ತಾ ಅಂತ ನೋಡುವುದು. ಈ ಎರಡನ್ನೂ ಕಿವಿ ವೈದ್ಯರು ಇವತ್ತಿಗೂ ಮಾಡುತ್ತಾರೆ.

ಇದರಿಂದ ಒಂದು ಮುಖ್ಯ ವಿಷಯ ಗೊತ್ತಾಯಿತು. ಮಂದ ಕಿವಿಗಳೆಲ್ಲ ಒಂದೇ ತರಹ ಅಲ್ಲ. ಗುಗ್ಗೆ ತುಂಬಿಯೋ, ತಮಟೆ ತೂತಾಗಿಯೋ, ಕಿವಿಯೊಳಗಿನ ಪುಟ್ಟ ಮೂಳೆಗಳು ಬಿಗಿದುಕೊಂಡೋ ಬರುವ ಮಂದತನ ಒಂದು ಬಗೆ. ಅದು ಬಾಗಿಲು ಅರ್ಧ ಮುಚ್ಚಿದ ಹಾಗೆ, ಒಳಗೆ ಬರುವ ಸದ್ದೆಲ್ಲ ಒಂದೇ ಸಮ ಕಡಿಮೆಯಾಗುತ್ತೆ. ವಯಸ್ಸಿನಿಂದಲೋ ಗದ್ದಲದಿಂದಲೋ ಒಳಗಿವಿಯ ಶಂಖದಲ್ಲಿ ಬರುವ ಮಂದತನ ಇನ್ನೊಂದು ಬಗೆ. ಅದು ಬಾಗಿಲಿನ ಹಾಗೆ ವರ್ತಿಸೋದಿಲ್ಲ. ಎಷ್ಟು ಬೇರೆ ಅನ್ನೋದು ಮಾತ್ರ ಶ್ರುತಿಕವೆಯಿಂದ ಗೊತ್ತಾಗುವಂತಿರಲಿಲ್ಲ. ಅದಕ್ಕೆ ಸಂಖ್ಯೆ ಬೇಕಿತ್ತು.

ಟೆಲಿಫೋನ್ ಕಂಪನಿ ಕಿವಿಯನ್ನು ಅಳೆದದ್ದು

ಆ ಸಂಖ್ಯೆ ಕೊಟ್ಟದ್ದು ಟೆಲಿಫೋನ್ ಉದ್ಯಮ. ಅಮೆರಿಕದ ಬೆಲ್ ಕಂಪನಿಗೆ ದೂರದೂರದ ಊರುಗಳ ನಡುವೆ ತಂತಿಯಲ್ಲಿ ಮಾತು ಕಳಿಸಬೇಕಿತ್ತು. ಎಷ್ಟು ಸದ್ದು ಕಳೆದುಹೋದರೂ ಮಾತು ಅರ್ಥವಾಗುತ್ತೆ ಅಂತ ತಿಳಿಯಬೇಕಾದರೆ ಮನುಷ್ಯನ ಕಿವಿಯನ್ನೇ ಅಳೆಯಬೇಕು. ಈ ಕೆಲಸದ ಮುಂದಾಳು ಹಾರ್ವಿ ಫ್ಲೆಚರ್ ಅನ್ನುವ ಭೌತವಿಜ್ಞಾನಿ. ಇವತ್ತು ನಾವೆಲ್ಲ ಬಳಸುವ ‘ಡೆಸಿಬಲ್’ ಎಂಬ ಅಳತೆಯೂ ಅದೇ ಕಂಪನಿಯ ಎಂಜಿನಿಯರ್‌ಗಳಿಂದ 1920ರ ದಶಕದಲ್ಲಿ ಬಂದದ್ದು. ಅದರಲ್ಲಿರುವ ‘ಬೆಲ್’ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಹೆಸರು. ಅವರ ತಾಯಿಗೂ ಹೆಂಡತಿಗೂ ಕಿವಿ ಕೇಳುತ್ತಿರಲಿಲ್ಲ.

1922ರಲ್ಲಿ ನ್ಯೂಯಾರ್ಕಿನ ಕಿವಿ ವೈದ್ಯ ಎಡ್ಮಂಡ್ ಪ್ರಿನ್ಸ್ ಫೌಲರ್ ಮತ್ತು ಬೆಲ್ ಸಂಸ್ಥೆಯ ವೆಗೆಲ್ ಒಂದು ಹೊಸ ಯಂತ್ರವನ್ನು ವೈದ್ಯಲೋಕಕ್ಕೆ ಪರಿಚಯಿಸಿದರು. ಅದರ ಹೆಸರು ವೆಸ್ಟರ್ನ್ ಎಲೆಕ್ಟ್ರಿಕ್ 1-ಎ ಆಡಿಯೋಮೀಟರ್. ವ್ಯಾಕ್ಯೂಮ್ ಟ್ಯೂಬುಗಳಿಂದ ಒಂದೊಂದೇ ಶುದ್ಧ ಸ್ವರ ಹುಟ್ಟಿಸಿ, ಒಂದೊಂದೇ ಕಿವಿಗೆ ಕೇಳಿಸಿ, ‘ಕೇಳಿಸ್ತಾ?’ ಅಂತ ಕೇಳುವ ಯಂತ್ರ. ಬಂದ ಉತ್ತರಗಳನ್ನು ಒಂದು ಕಾಗದದ ಮೇಲೆ ಗೆರೆ ಎಳೆದರು. ಅದೇ ಆಡಿಯೋಗ್ರಾಮ್.

ನಿಮ್ಮ ಮನೆಯಲ್ಲಿ ಯಾರದ್ದಾದರೂ ಆಡಿಯೋಗ್ರಾಮ್ ಇದ್ದರೆ ತೆಗೆದು ನೋಡಿ. ಎಡದಿಂದ ಬಲಕ್ಕೆ ಸ್ವರ ಏರುತ್ತಾ ಹೋಗುತ್ತೆ, ಸಾಮಾನ್ಯವಾಗಿ 250 ಹರ್ಟ್ಸ್‌ನಿಂದ 8000 ಹರ್ಟ್ಸ್‌ವರೆಗೆ. ಮೇಲಿಂದ ಕೆಳಕ್ಕೆ ಡೆಸಿಬಲ್. ಕೆಂಪು ಸೊನ್ನೆಗಳು ಬಲಗಿವಿ, ನೀಲಿ ಗುಣಾಕಾರದ ಗುರುತುಗಳು ಎಡಗಿವಿ. ಗೆರೆ ಕೆಳಗೆ ಇಳಿದಷ್ಟೂ ನಷ್ಟ ಹೆಚ್ಚು. ಎಲ್ಲಾ ಗ್ರಾಫುಗಳಲ್ಲಿ ದೊಡ್ಡ ಸಂಖ್ಯೆ ಮೇಲೆ ಇದ್ದರೆ, ಇದರಲ್ಲಿ ಮಾತ್ರ ಕೆಳಗೆ. ಕಿವಿಯಲ್ಲಿ ಎಷ್ಟು ಉಳಿದಿದೆ, ಎಷ್ಟು ಹೋಗಿದೆ ಅನ್ನೋದು ನೋಡಿದ ತಕ್ಷಣ ಗೊತ್ತಾಗಲಿ ಅಂತ ಆಗ ಮಾಡಿಕೊಂಡ ಏರ್ಪಾಡು ಅದು, ನೂರು ವರ್ಷದಿಂದ ಹಾಗೇ ಉಳಿದಿದೆ.

ವಯಸ್ಸಾದವರ ಆಡಿಯೋಗ್ರಾಮಿನಲ್ಲಿ ಸಾಮಾನ್ಯವಾಗಿ ಎಡಗಡೆ ಗೆರೆ ಮೇಲಿರುತ್ತೆ, ಬಲಗಡೆ ಬೆಟ್ಟ ಇಳಿದ ಹಾಗೆ ಇಳಿಯುತ್ತೆ. ಅಂದರೆ ಮೃದಂಗದ ತೊಪ್ಪಿ ಚೆನ್ನಾಗಿ ಕೇಳುತ್ತೆ, ತಾಳದ ಕಿಣಿಕಿಣಿ ಕೇಳೋದಿಲ್ಲ. ಅದರ ಮೇಲೆ ಎರಡು ಕಿವಿಗಳ ಗೆರೆಗಳೂ ಬೇರೆಬೇರೆಯಾಗಿದ್ದರೆ, ನಾವು ಇಲ್ಲಿ ಮಾತಾಡುತ್ತಿರುವ ಏರುಪೇರಾದ ಕಿವಿ ಅದು.

ಕನ್ನಡಿ ಹಿಡಿಯುವ ಆಸೆ

ಇಂಥದೊಂದು ಗೆರೆ ಕೈಗೆ ಸಿಕ್ಕಿದ ಕೂಡಲೇ ಎಂಜಿನಿಯರ್ ಮನಸ್ಸಿಗೆ ಏನು ಹೊಳೆಯುತ್ತೆ? ಅದನ್ನೇ ತಲೆಕೆಳಗು ಮಾಡೋಣ ಅಂತ! ಎಲ್ಲಿ 50 ಡೆಸಿಬಲ್ ಹೋಗಿದೆಯೋ ಅಲ್ಲಿ 50 ಡೆಸಿಬಲ್ ಸೇರಿಸೋಣ, ಎಲ್ಲಿ 20 ಹೋಗಿದೆಯೋ ಅಲ್ಲಿ 20. 1930ರ ದಶಕದಲ್ಲಿ ವಿದ್ಯುತ್ ಶ್ರವಣ ಸಾಧನಗಳು ಸುಧಾರಿಸುತ್ತಿದ್ದಾಗ ಹೀಗೆ ಆಡಿಯೋಗ್ರಾಮಿಗೆ ಕನ್ನಡಿ ಹಿಡಿಯುವುದು ಬಹಳ ಸಹಜವಾದ ಯೋಚನೆಯಾಗಿತ್ತು. ಇವತ್ತು ಈಕ್ವಲೈಸರ್ ಆ್ಯಪ್ ತೆರೆದು, ಆಡಿಯೋಗ್ರಾಮ್ ಪಕ್ಕದಲ್ಲಿಟ್ಟುಕೊಂಡು ಕೂರುವವರಿಗೂ ಮೊದಲು ಹೊಳೆಯೋದು ಇದೇ.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. 10 ಡೆಸಿಬಲ್ ಅಂದರೆ ಶಕ್ತಿಯಲ್ಲಿ 10 ಪಟ್ಟು, 20 ಅಂದರೆ 100 ಪಟ್ಟು, 50 ಅಂದರೆ ಒಂದು ಲಕ್ಷ ಪಟ್ಟು. ನಿಮ್ಮ ಸ್ಪೀಕರ್‌ನ ಟ್ವೀಟರ್ 1 ವಾಟ್‌ನಲ್ಲಿ ಹಾಡುತ್ತಿದ್ದರೆ, 50 ಡೆಸಿಬಲ್ ತುಂಬಿಕೊಡೋದಕ್ಕೆ ಒಂದು ಲಕ್ಷ ವಾಟ್ ಬೇಕು. ಅಷ್ಟೊತ್ತಿಗೆ ಟ್ವೀಟರ್ ಸುಟ್ಟುಹೋಗಿರುತ್ತೆ. ಪಕ್ಕದ ಮನೆಯವರು ಪೊಲೀಸರಿಗೆ ಫೋನ್ ಮಾಡಿರುತ್ತಾರೆ.

ಇದು ಬರೀ ಯಂತ್ರದ ಮಿತಿ ಅಂದುಕೊಳ್ಳಬೇಡಿ. ಅಷ್ಟೂ ಶಕ್ತಿ ಕೊಡುವ ಸ್ಪೀಕರ್ ಸಿಕ್ಕರೂ ತಾತ ಸಂತೋಷಪಡೋದಿಲ್ಲ. ಯಾಕೆ ಅನ್ನೋದು ನಿಮಗೆ ಮನೆಯ ಅನುಭವದಿಂದಲೇ ಗೊತ್ತು. ಮೆತ್ತಗೆ ಮಾತಾಡಿದರೆ “ಏನಂದೆ? ಕೇಳಿಸ್ಲಿಲ್ಲ” ಅಂತಾರೆ. ಸ್ವಲ್ಪ ಗಟ್ಟಿಯಾಗಿ ಹೇಳಿದರೆ “ಏನು?” ಅಂತಾರೆ. ಇನ್ನೂ ಸ್ವಲ್ಪ ಏರಿಸಿದರೆ “ಯಾಕೋ ಹಂಗೆ ಕಿರುಚ್ತೀಯ, ನನಗೇನು ಕಿವುಡಾ?” ಅಂತ ರೇಗುತ್ತಾರೆ. ಎಷ್ಟೋ ಮನೆಗಳಲ್ಲಿ ಇದನ್ನು ವಯಸ್ಸಾದವರ ಸಿಡುಕು ಅಂದುಕೊಂಡುಬಿಡುತ್ತಾರೆ. ಅದು ಒಳಗಿವಿಯ ಒಂದು ಲಕ್ಷಣ. ಅದನ್ನು ಅಳೆದು ತೋರಿಸಿದ್ದು ಮತ್ತೆ ಅದೇ ಡಾಕ್ಟರ್ ಫೌಲರ್.

ಎರಡು ಕಿವಿಗಳ ತಕ್ಕಡಿ

1930ರ ದಶಕದ ನಡುವೆ ಫೌಲರ್ ಒಂದು ಸರಳವಾದ ಪರೀಕ್ಷೆ ರೂಪಿಸಿದರು. ಇದಕ್ಕೆ ಬೇಕಾದದ್ದು ಏರುಪೇರಾದ ಕಿವಿಯವರೇ, ಅಂದರೆ ಒಂದು ಕಿವಿ ಸರಿ ಇದ್ದು ಇನ್ನೊಂದು ಮಂದವಾದವರು. ಒಂದೇ ಸ್ವರವನ್ನು ಒಮ್ಮೆ ಒಳ್ಳೆಯ ಕಿವಿಗೆ, ಒಮ್ಮೆ ಮಂದ ಕಿವಿಗೆ ಕೊಡುತ್ತಾ ಹೋಗುವುದು. ಎರಡೂ ಸಮ ಅನಿಸುವವರೆಗೆ ಒಂದು ಕಡೆಯ ಸದ್ದನ್ನು ತಿದ್ದುವುದು. ಒಂಥರಾ ಬ್ಯಾಲೆನ್ಸ್ ನಾಬ್ ತಿರುಗಿಸಿದ ಹಾಗೆಯೇ.

ಉದಾಹರಣೆಗೆ, ಮಂದ ಕಿವಿಗೆ ಕೇಳಿಸಲು ತೊಡಗೋದಕ್ಕೇ 40 ಡೆಸಿಬಲ್ ಹೆಚ್ಚು ಬೇಕು ಅಂದುಕೊಳ್ಳಿ. ಅತಿ ಮೆತ್ತಗಿನ ಸದ್ದಿನಲ್ಲಿ ತಕ್ಕಡಿ ಸಮ ಆಗೋದಕ್ಕೆ ಆ 40 ಪೂರ್ತಿ ಬೇಕಾಗುತ್ತೆ. ಮಾತಿನ ಮಟ್ಟಕ್ಕೆ ಬಂದಾಗ 20 ಸಾಕಾಗಬಹುದು. ಸದ್ದು ಬಹಳ ಜೋರಾದಾಗ ಏನೂ ಬೇಡ, ಎರಡೂ ಕಿವಿಗೆ ಒಂದೇ ಸಮ ಜೋರು! ಮೆತ್ತಗಿನ ಸದ್ದಿಗೆ ಕಿವುಡಾಗಿದ್ದ ಕಿವಿ, ಜೋರು ಸದ್ದು ಬಂದಾಗ ಒಳ್ಳೆಯ ಕಿವಿಯನ್ನು ಓಡಿ ಬಂದು ಹಿಡಿದುಬಿಡುತ್ತೆ. ಇದಕ್ಕೆ ‘ರಿಕ್ರೂಟ್‌ಮೆಂಟ್’ ಅಂತ ಹೆಸರು ಬಂತು. 1948ರಲ್ಲಿ ಲಂಡನ್ನಿನ ಡಿಕ್ಸ್, ಹಾಲ್‌ಪೈಕ್ ಮತ್ತು ಹುಡ್ ಎಂಬ ಮೂವರು ಇದು ಒಳಗಿವಿಯ ದೋಷದ ಗುರುತು, ಕಿವಿಯ ನರದ ದೋಷದಲ್ಲಿ ಸಾಮಾನ್ಯವಾಗಿ ಕಾಣಿಸೋದಿಲ್ಲ ಅಂತ ತೋರಿಸಿದರು.

ಇದರ ಅರ್ಥ ಏನು ನೋಡಿ. ರಾತ್ರಿ ಕಡಿಮೆ ವಾಲ್ಯೂಮಿನಲ್ಲಿ ಕೂತು ನೀವು ಸರಿಪಡಿಸಿದ ಬ್ಯಾಲೆನ್ಸ್, ಭಾನುವಾರ ಮಧ್ಯಾಹ್ನ ಜೋರಾಗಿ ಹಾಕಿದಾಗ ತಪ್ಪಾಗಿರುತ್ತೆ. ಒಂದು ಹಾಡಿನ ಒಳಗೇ ಆಲಾಪನೆಗೆ ಸರಿಯಾದದ್ದು ತನಿ ಆವರ್ತನಕ್ಕೆ ತಪ್ಪಾಗುತ್ತೆ. ಏರುಪೇರಾದ ಕಿವಿಗೆ ‘ಇಷ್ಟು ತಿರುಗಿಸು’ ಅನ್ನುವ ಒಂದೇ ಒಂದು ಜಾಗ ಆ ನಾಬ್‌ನಲ್ಲಿ ಇಲ್ಲ.

ಯಾಕೆ ಹೀಗೆ ಅನ್ನೋದು ಬಹಳ ತಡವಾಗಿ ಗೊತ್ತಾಯಿತು. 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್, ಆರೋಗ್ಯವಂತ ಕಿವಿ ತಾನೇ ಸಣ್ಣ ಸದ್ದು ಹೊರಡಿಸುತ್ತೆ ಅಂತ ತೋರಿಸಿದರು. ಈಗ ಹುಟ್ಟಿದ ಮಕ್ಕಳ ಕಿವಿ ಪರೀಕ್ಷೆಗೆ ಅದನ್ನೇ ಬಳಸುತ್ತಾರೆ. 1985ರಲ್ಲಿ ವಿಲಿಯಂ ಬ್ರೌನೆಲ್ ಮತ್ತು ಜೊತೆಗಾರರು ಒಳಗಿವಿಯ ಹೊರಸಾಲಿನ ರೋಮಕೋಶಗಳು ವಿದ್ಯುತ್ತಿಗೆ ಕುಗ್ಗಿ ಹಿಗ್ಗುವುದನ್ನು ಕಂಡರು. ನಮ್ಮ ಕಿವಿಯೊಳಗೇ ಒಂದು ಆಂಪ್ಲಿಫೈಯರ್ ಇದೆ. ಅದು ಮೆತ್ತಗಿನ ಸದ್ದನ್ನು ಏರಿಸುತ್ತೆ, ಜೋರಿನ ಸದ್ದನ್ನು ಹಾಗೇ ಬಿಡುತ್ತೆ. ವಯಸ್ಸಾದಾಗ, ಗದ್ದಲಕ್ಕೆ ಸಿಕ್ಕಾಗ, ಹೆಚ್ಚಾಗಿ ಸೋಲೋದು ಈ ಕೋಶಗಳು. ಅದಕ್ಕೇ ಮೆತ್ತಗಿನದು ಕಳೆದುಹೋಗುತ್ತೆ, ಜೋರಿನದು ಮೊದಲಿನಷ್ಟೇ ಜೋರಾಗಿ ಉಳಿಯುತ್ತೆ.

ಅರ್ಧ ಕೊಟ್ಟವರು

ಆದರೆ ಅಷ್ಟು ವರ್ಷ ಯಾರೂ ಕಾಯುತ್ತಾ ಕೂರಲಿಲ್ಲ. 1944ರಲ್ಲಿ ಅಮೆರಿಕದ ಎಂಜಿನಿಯರ್ ಸ್ಯಾಮ್ಯುಯೆಲ್ ಲೈಬಾರ್ಗರ್, ಜನ ನಿಜವಾಗಿ ತಮ್ಮ ಸಾಧನದ ವಾಲ್ಯೂಮನ್ನು ಎಲ್ಲಿ ಇಟ್ಟುಕೊಳ್ಳುತ್ತಾರೆ ಅಂತ ಗಮನಿಸಿ ಒಂದು ಸೂತ್ರ ಕೊಟ್ಟರು: ನಷ್ಟದ ಅರ್ಧದಷ್ಟು ಮಾತ್ರ ಕೊಡಿ. 50 ಡೆಸಿಬಲ್ ಹೋಗಿದ್ದರೆ 25.

ಯಾಕೆ ಅರ್ಧ? ಲೆಕ್ಕ ನೋಡಿ. ಒಳ್ಳೆಯ ಕಿವಿಗೆ 0ಯಿಂದ 100 ಡೆಸಿಬಲ್‌ವರೆಗೆ ಜಾಗ ಇದೆ ಅಂದುಕೊಳ್ಳಿ. ಕೆಳಗಿನದು ಕೇಳಿಸತೊಡಗುವ ಮಟ್ಟ, ಮೇಲಿನದು ಸಹಿಸಲಾಗದ ಮಟ್ಟ. ಮಾತು ಸುಮಾರು ನಡುವೆ, 50ರಲ್ಲಿ ಇರುತ್ತೆ. ಮಂದ ಕಿವಿಗೆ ಕೆಳಗಿನ ಗೆರೆ 50ಕ್ಕೆ ಏರಿದೆ, ಮೇಲಿನ ಗೆರೆ ಮಾತ್ರ 100ರಲ್ಲೇ ಇದೆ. ಈಗ ಉಳಿದ ಜಾಗದ ನಡು ಎಲ್ಲಿ? 75. ಅಂದರೆ 50ರಲ್ಲಿದ್ದ ಮಾತನ್ನು 25 ಡೆಸಿಬಲ್ ಏರಿಸಬೇಕು. ನಷ್ಟದ ಸರಿಯಾಗಿ ಅರ್ಧ! ಮನೆಯ ಸೂರು ಅಲ್ಲೇ ಇದೆ, ನೆಲ ಮಾತ್ರ ಮೇಲೆ ಬಂದಿದೆ. ಅಂಥ ಮನೆಯಲ್ಲಿ ಎಲ್ಲವನ್ನೂ ನೆಲ ಏರಿದಷ್ಟೇ ಎತ್ತಿದರೆ ತಲೆ ಸೂರಿಗೆ ಬಡಿಯುತ್ತೆ.

ಇದೇ ಹೊತ್ತಿಗೆ ಎರಡನೇ ಮಹಾಯುದ್ಧ ಮುಗಿದು, ಫಿರಂಗಿ ಸದ್ದಿಗೆ ಕಿವಿ ಕೆಟ್ಟ ಸಾವಿರಾರು ಸೈನಿಕರು ಊರಿಗೆ ಮರಳಿದ್ದರು. ಅಮೆರಿಕದ ಹಾರ್ವರ್ಡ್‌ನಲ್ಲೂ ಬ್ರಿಟನ್ನಿನಲ್ಲೂ ನಡೆದ ಅಧ್ಯಯನಗಳು ಒಬ್ಬೊಬ್ಬರಿಗೂ ಕನ್ನಡಿ ಹಿಡಿಯೋದು ಬೇಡ, ಸಮತಟ್ಟಾದ ಅಥವಾ ಮೇಲಿನ ಸ್ವರಗಳತ್ತ ಸ್ವಲ್ಪ ಏರುವ ಒಂದೆರಡು ಮಾದರಿಗಳೇ ಬಹಳ ಜನಕ್ಕೆ ಸಾಕು ಅಂದವು. 1948ರ ಜುಲೈ 5ಕ್ಕೆ ಶುರುವಾದ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ‘ಮೆಡ್ರೆಸ್ಕೋ’ ಎಂಬ ಸಾಧನವನ್ನು ಜನರಿಗೆ ಉಚಿತವಾಗಿ ಕೊಡತೊಡಗಿತು.

ಆಸ್ಟ್ರೇಲಿಯಾದಲ್ಲಿ ಯುದ್ಧದಿಂದ ಬಂದವರ ಜೊತೆಗೆ, 1940ರ ದಶಕದ ರುಬೆಲ್ಲಾ ಪಿಡುಗಿನಲ್ಲಿ ತಾಯಂದಿರಿಗೆ ಸೋಂಕು ತಗುಲಿ ಕಿವುಡಾಗಿ ಹುಟ್ಟಿದ ಮಕ್ಕಳೂ ಇದ್ದರು. ಅವರಿಗಾಗಿ ಸರ್ಕಾರ ಸ್ಥಾಪಿಸಿದ ಪ್ರಯೋಗಾಲಯವೇ ಮುಂದೆ ನ್ಯಾಷನಲ್ ಅಕೌಸ್ಟಿಕ್ ಲ್ಯಾಬೊರೇಟರೀಸ್ ಆಯಿತು. ಸಿಡ್ನಿಯ ಈ ಸಂಸ್ಥೆಯಲ್ಲಿ ಡೆನಿಸ್ ಬರ್ನ್ ಮತ್ತು ಹಾರ್ವಿ ಡಿಲ್ಲನ್ 1986ರಲ್ಲಿ ಪ್ರಕಟಿಸಿದ ಸೂತ್ರ ಇನ್ನೂ ಸೂಕ್ಷ್ಮವಾದದ್ದು. ಒಂದು ಸ್ವರದಲ್ಲಿ ನಷ್ಟ 10 ಡೆಸಿಬಲ್ ಹೆಚ್ಚಿದ್ದರೆ ಅಲ್ಲಿಗೆ ಸುಮಾರು 3 ಡೆಸಿಬಲ್ ಮಾತ್ರ ಹೆಚ್ಚು, ಜೊತೆಗೆ ಒಟ್ಟಾರೆ ನಷ್ಟ ನೋಡಿಕೊಂಡು ಎಲ್ಲಾ ಕಡೆ ಸ್ವಲ್ಪ. ಈ ಸೂತ್ರದ ಮುಂದಿನ ಪೀಳಿಗೆಗಳನ್ನು ಇವತ್ತು ಪ್ರಪಂಚದಾದ್ಯಂತ ಶ್ರವಣ ಸಾಧನ ಹೊಂದಿಸುವಾಗ ಬಳಸುತ್ತಾರೆ.

ಸ್ಪೀಕರ್ ಮಾಡಿದವರು ಕಿವಿಗೆ ತಿರುಗಿದ್ದು

ಈಗ ಹಾಡು ಕೇಳುವವರ ಲೋಕಕ್ಕೆ ಬರೋಣ. 1950ರ ದಶಕದಲ್ಲಿ ಮನೆಮನೆಗೆ ‘ಹೈ-ಫೈ’ ಬಂತು. 1952ರಲ್ಲಿ ಇಂಗ್ಲೆಂಡಿನ ಪೀಟರ್ ಬ್ಯಾಕ್ಸಾಂಡಲ್ ಪ್ರಕಟಿಸಿದ ಬೇಸ್-ಟ್ರೆಬಲ್ ಸರ್ಕ್ಯೂಟ್ ಎಷ್ಟೋ ಆಂಪ್ಲಿಫೈಯರ್‌ಗಳ ಒಳಗೆ ಸೇರಿತು. ದಶಕದ ಕೊನೆಗೆ ಸ್ಟೀರಿಯೋ ಎಲ್‌ಪಿಗಳು ಅಂಗಡಿಗೆ ಬಂದವು, ಅದರ ಹಿಂದೆಯೇ ಬ್ಯಾಲೆನ್ಸ್ ನಾಬ್ ಕೂಡ.

ಆ ಕಾಲದ ದೊಡ್ಡ ಹೆಸರು ಎಡ್ಗರ್ ವಿಲ್ಚರ್. 1954ರಲ್ಲಿ ಹೆನ್ರಿ ಕ್ಲಾಸ್ ಜೊತೆ ಅಮೆರಿಕದ ಕೇಂಬ್ರಿಜ್‌ನಲ್ಲಿ ‘ಅಕೌಸ್ಟಿಕ್ ರಿಸರ್ಚ್’ ಕಂಪನಿ ಕಟ್ಟಿದರು. ಗಾಳಿ ಆಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯಿಂದ ಆಳವಾದ ಬೇಸ್ ಹೊರಡಿಸುವ ಸ್ಪೀಕರ್ ಅವರದ್ದು. ಪುಸ್ತಕದ ಕಪಾಟಿನಲ್ಲಿ ಇಡುವಷ್ಟು ಚಿಕ್ಕ ಸ್ಪೀಕರ್‌ಗಳು ಜನಪ್ರಿಯವಾದದ್ದು ಈ ಉಪಾಯದಿಂದ.

1967ರಲ್ಲಿ ವಿಲ್ಚರ್ ಕಂಪನಿ ಮಾರಿ, ಶ್ರವಣ ಸಾಧನದ ಸಂಶೋಧನೆಗೆ ಇಳಿದರು. ಬೆಲ್ ಪ್ರಯೋಗಾಲಯದ ಸ್ಟೈನ್‌ಬರ್ಗ್ ಮತ್ತು ಗಾರ್ಡ್ನರ್ 1937ರಲ್ಲೇ ಸೋತ ಒಳಗಿವಿ ಸದ್ದಿನ ಏರಿಳಿತವನ್ನು ಹಿಗ್ಗಿಸಿ ಕೇಳುತ್ತೆ ಅಂತ ಬರೆದಿದ್ದರು. ವಿಲ್ಚರ್ ಅದನ್ನು ಮುಂದಕ್ಕೆ ತೆಗೆದುಕೊಂಡು ಹೋದರು. ಕಿವಿ ಹಿಗ್ಗಿಸುತ್ತಿದ್ದರೆ ಯಂತ್ರ ಕುಗ್ಗಿಸಬೇಕು. ಅದೂ ಎಲ್ಲಾ ಸ್ವರಗಳನ್ನು ಒಟ್ಟಿಗಲ್ಲ, ಕೆಳಸ್ವರ ಮೇಲ್ಸ್ವರಗಳನ್ನು ಬೇರೆ ಮಾಡಿ, ಒಂದೊಂದರಲ್ಲಿ ನಷ್ಟ ಎಷ್ಟಿದೆಯೋ ಅದಕ್ಕೆ ತಕ್ಕಂತೆ. ಮೆತ್ತಗಿನ ಸದ್ದಿಗೆ ಹೆಚ್ಚು, ಮಾತಿಗೆ ಸ್ವಲ್ಪ ಕಡಿಮೆ, ಜೋರಿನ ಸದ್ದಿಗೆ ಏನೂ ಬೇಡ. ಈ ವಿಚಾರವನ್ನು 1973ರಲ್ಲಿ ಅಮೆರಿಕದ ಅಕೌಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಪೇಟೆಂಟ್ ತೆಗೆದುಕೊಳ್ಳಲಿಲ್ಲ, ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟರು. 2011ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು. ಇವತ್ತಿನ ಡಿಜಿಟಲ್ ಶ್ರವಣ ಸಾಧನಗಳು ನಡೆಯುವುದು ಇದೇ ದಾರಿಯಲ್ಲಿ. ಫೌಲರ್ ಅವರ ತಕ್ಕಡಿ ಕೇಳಿದ್ದ ಪ್ರಶ್ನೆಗೆ ಸಿಕ್ಕ ಉತ್ತರ ಇದು.

ಹಾಲು, ಕಾಲು, ಪಾಲು, ಸಾಲು

ಇಷ್ಟು ಹೊತ್ತು ಸ್ವರಗಳ ಮಾತಾಯಿತು. ತಾತನಿಗೆ ಬೇಕಿರೋದು ಮಾತು, ಅದೂ ಕನ್ನಡದ ಮಾತು.

‘ಹಾಲು, ಕಾಲು, ಪಾಲು, ಸಾಲು’ ಅಂತ ಹೇಳಿಕೊಳ್ಳಿ. ನಾಲ್ಕರಲ್ಲೂ ಜೋರಾಗಿ ಕೇಳೋದು ‘ಆಲು’. ಆ ಸದ್ದಿನ ಬಲವೆಲ್ಲ ಬಹುಮಟ್ಟಿಗೆ ಕೆಳಸ್ವರಗಳಲ್ಲಿದೆ. ಪದವನ್ನು ಬೇರೆ ಮಾಡುವುದು ಮೊದಲಿನ ಹ, ಕ, ಪ, ಸ. ಅವು ಮೆತ್ತಗಿನ, ಗಳಿಗೆ ಹೊತ್ತಿನ ಸದ್ದುಗಳು. ‘ಸ’ದ ಸುಳಿವಂತೂ ಬಹುತೇಕ 4000 ಹರ್ಟ್ಸ್‌ನಿಂದ ಆಚೆಗೆ, ಆಡಿಯೋಗ್ರಾಮಿನ ಬೆಟ್ಟ ಇಳಿಯುವ ಜಾಗದಲ್ಲೇ. ಅದಕ್ಕೇ ತಾತ “ನಂಗೆ ಕೇಳಿಸುತ್ತೆ, ಏನಂತಿದೀರ ಅಂತ ಗೊತ್ತಾಗಲ್ಲ” ಅನ್ನೋದು. ಅವರು ಹೇಳುತ್ತಿರೋದು ಅಕ್ಷರಶಃ ನಿಜ. ಒಟ್ಟು ವಾಲ್ಯೂಮ್ ಏರಿಸಿದರೆ ‘ಆಲು’ ಇನ್ನೂ ಜೋರಾಗುತ್ತೆ, ಮೊದಲಿನ ಅಕ್ಷರ ಇನ್ನೂ ಮುಚ್ಚಿಹೋಗುತ್ತೆ.

ಇಲ್ಲಿ ನಮಗೆ ಬೇಕಾದ ಇನ್ನೊಂದು ಮಾತಿದೆ. ಹೊರದೇಶದ ಕ್ಲಿನಿಕ್‌ನಲ್ಲಿ ಸ್ವರಗಳ ಪರೀಕ್ಷೆ ಭಾಷೆ ಇಲ್ಲದೆಯೂ ನಡೆಯುತ್ತೆ. ಆದರೆ ‘ಈ ಪದ ಮತ್ತೆ ಹೇಳಿ’ ಅನ್ನುವ ಪರೀಕ್ಷೆ ಇಂಗ್ಲಿಷಿನಲ್ಲೋ ಜರ್ಮನ್‌ನಲ್ಲೋ ಇದ್ದರೆ, ತಪ್ಪಿದ್ದು ಕಿವಿಯೋ ಭಾಷೆಯೋ ಅಂತ ಹೇಳೋದು ಹೇಗೆ? ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದ್ದೇ ಪದಪಟ್ಟಿಗಳನ್ನು ರೂಪಿಸಿ ಬಳಸುತ್ತಾರೆ. ಊರಿನಿಂದ ಹೊರಡುವ ಮುಂಚೆ ಅಲ್ಲೋ, ಹತ್ತಿರದ ಬೇರೆ ಕ್ಲಿನಿಕ್‌ನಲ್ಲೋ ಕನ್ನಡದಲ್ಲೇ ಪರೀಕ್ಷೆ ಮಾಡಿಸಿ, ಆಡಿಯೋಗ್ರಾಮ್ ಜೊತೆಗೆ ತರುವುದು ಒಳ್ಳೆಯದು.

ಹಾಗಾದರೆ ಮನೆಯಲ್ಲಿ ಏನು ಮಾಡೋದು?

ಮೊದಲನೆಯದು ವೈದ್ಯರ ಮಾತು. ಒಂದು ಕಿವಿ ಏಕಾಏಕಿ ಮಂದವಾದರೆ ಈಕ್ವಲೈಸರ್ ಮುಟ್ಟಬೇಡಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ. ಚಿಕಿತ್ಸೆ ಬೇಗ ಶುರುವಾದಷ್ಟೂ ಒಳ್ಳೆಯದು. ನಿಧಾನವಾಗಿ ಒಂದೇ ಕಿವಿ ಹೆಚ್ಚು ಕೆಡುತ್ತಿದ್ದರೂ ಕಾರಣ ಏನು ಅಂತ ತೋರಿಸಿಕೊಳ್ಳಬೇಕು, ಗುಗ್ಗೆಯೂ ಇರಬಹುದು, ನರದ ಗಂಟೂ ಇರಬಹುದು.

ಎರಡನೆಯದು, ಸ್ಪೀಕರ್‌ಗೂ ಹೆಡ್‌ಫೋನ್‌ಗೂ ಇರುವ ವ್ಯತ್ಯಾಸ. ಎಡ ಸ್ಪೀಕರ್ ಅಂದರೆ ಎಡಗಿವಿ ಅಲ್ಲ. ಅದರ ಸದ್ದು ತಲೆ ಸುತ್ತಿಕೊಂಡು, ಗೋಡೆಗೆ ಬಡಿದು ಬಲಗಿವಿಗೂ ಬರುತ್ತೆ. ಹಾಗಾಗಿ ಸ್ಪೀಕರ್‌ನ ಬ್ಯಾಲೆನ್ಸ್ ತಿರುಗಿಸಿದರೆ ಕಿವಿ ಸರಿಹೋಗೋದಿಲ್ಲ, ಹಾಡುಗಾರ್ತಿ ವೇದಿಕೆಯಿಂದ ಪಕ್ಕಕ್ಕೆ ಸರಿಯುತ್ತಾರೆ ಅಷ್ಟೆ. 1907ರಲ್ಲಿ ಲಾರ್ಡ್ ರೇಲಿ ತೋರಿಸಿದ ಹಾಗೆ, ಕೆಳಸ್ವರಗಳು ಯಾವ ದಿಕ್ಕಿನಿಂದ ಬಂದವು ಅನ್ನೋದನ್ನು ಮೆದುಳು ಎರಡು ಕಿವಿಗೆ ಸದ್ದು ತಲುಪುವ ಕಾಲದ ವ್ಯತ್ಯಾಸದಿಂದ ತಿಳಿಯುತ್ತೆ, ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಅದು. ತಾತನ ಮೆದುಳು ವರ್ಷಗಟ್ಟಲೆ ತನ್ನ ಏರುಪೇರಾದ ಕಿವಿಗಳಿಗೆ ಹೊಂದಿಕೊಂಡಿರುತ್ತೆ. ಸ್ಪೀಕರ್‌ನಲ್ಲಿ ಕೇಳುವುದಾದರೆ ಬ್ಯಾಲೆನ್ಸನ್ನು ನಡುವೆಯೇ ಇಡಿ. ಎರಡೂ ಕಡೆ ಒಂದೇ ಸಮ ಮೇಲ್ಸ್ವರಗಳನ್ನು 3ರಿಂದ 6 ಡೆಸಿಬಲ್ ಏರಿಸಿ. ಕುರ್ಚಿಯನ್ನು ಸ್ಪೀಕರ್‌ಗೆ ಹತ್ತಿರ ಎಳೆಯಿರಿ, ಕಿಟಕಿಗೆ ದಪ್ಪ ಪರದೆ ಹಾಕಿ. ಹತ್ತಿರ ಕೂತರೆ ಗೋಡೆಯಿಂದ ಬರುವ ಗುಂಯ್‌ಗುಡುವಿಕೆಗಿಂತ ನೇರ ಸದ್ದು ಹೆಚ್ಚಾಗುತ್ತೆ. ಅದಕ್ಕಿಂತ ಅಗ್ಗದ ಈಕ್ವಲೈಸರ್ ಇಲ್ಲ.

ಒಂದೊಂದು ಕಿವಿಗೂ ಬೇರೆ ಬೇರೆ ಕೊಡಬೇಕಾದರೆ ಹೆಡ್‌ಫೋನೇ ಬೇಕು. 4000 ಹರ್ಟ್ಸ್‌ನಲ್ಲಿ ತಾತನ ಬಲಗಿವಿಯ ನಷ್ಟ 30, ಎಡಗಿವಿಯದು 55 ಅಂದುಕೊಳ್ಳಿ. ಕನ್ನಡಿ ಹಿಡಿದರೆ ಎರಡರ ನಡುವೆ 25 ಡೆಸಿಬಲ್ ವ್ಯತ್ಯಾಸ ಇಡಬೇಕಾಗುತ್ತೆ. ಅದನ್ನು ಯಾರೂ ಸಹಿಸೋದಿಲ್ಲ. ಮೂರನೇ ಒಂದರ ಲೆಕ್ಕದಲ್ಲಿ ಬಲಕ್ಕೆ ಸುಮಾರು 9, ಎಡಕ್ಕೆ ಸುಮಾರು 17, ವ್ಯತ್ಯಾಸ ಬರೀ 8. ಶುರು ಮಾಡುವಾಗ ಅದರಲ್ಲೂ ಅರ್ಧ ಕೊಟ್ಟು, ಒಂದೆರಡು ವಾರ ಬಿಟ್ಟು ಸ್ವಲ್ಪ ಸ್ವಲ್ಪ ಏರಿಸಿ. ವರ್ಷಗಳಿಂದ ಕೇಳದ ‘ಸ’, ‘ಶ’ಗಳು ಒಮ್ಮೆಲೇ ಬಂದರೆ ಮೊದಮೊದಲು ಕರ್ಕಶ ಅನಿಸುತ್ತೆ. ಈಕ್ವಲೈಸರ್‌ನಲ್ಲಿ ಎಷ್ಟು ಏರಿಸಿದ್ದೀರೋ ಅಷ್ಟನ್ನು ‘ಪ್ರಿಆಂಪ್’ನಲ್ಲಿ ಇಳಿಸಿ, ಇಲ್ಲದಿದ್ದರೆ ಸದ್ದು ಒಡೆಯುತ್ತೆ. ಯಾವುದೋ ಸ್ವರದಲ್ಲಿ ನಷ್ಟ ತೀರಾ ಹೆಚ್ಚಿದ್ದರೆ ಅಲ್ಲಿ ಹಠ ಮಾಡಬೇಡಿ. ಕೋಶಗಳೇ ಇಲ್ಲದ ಕಡೆ ಸದ್ದು ತುಂಬಿದರೆ ಅದು ಬರೀ ಗೊರಗೊರ ಆಗಿ ಕೇಳುತ್ತೆ.

ಕೆಲವು ಫೋನ್‌ಗಳು ಈಗ ಆಡಿಯೋಗ್ರಾಮನ್ನು ನೇರವಾಗಿ ಓದಿ ಈ ಕೆಲಸ ಮಾಡುತ್ತವೆ. ಆಪಲ್ 2020ರಲ್ಲಿ ಹೆಡ್‌ಫೋನ್‌ಗೆ ಇಂಥ ಹೊಂದಾಣಿಕೆ ತಂದಿತು, 2024ರಲ್ಲಿ ಅದರ ಇಯರ್‌ಬಡ್ ಒಂದಕ್ಕೆ ಶ್ರವಣ ಸಾಧನವಾಗಿ ಕೆಲಸ ಮಾಡುವ ತಂತ್ರಾಂಶಕ್ಕೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಒಂದು ಕಿವಿ ಪೂರ್ತಿ ಕೇಳಿಸದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ಮೋನೋ’ ಹಾಕಿ, ಆಗ ಆ ಕಡೆಯ ಪಿಟೀಲು ಕಳೆದುಹೋಗೋದಿಲ್ಲ. ಟಿವಿಯಲ್ಲಿ ‘ನೈಟ್ ಮೋಡ್’ ಇದ್ದರೆ ಹಗಲಿನಲ್ಲೂ ಹಾಕಿ ನೋಡಿ. ಮೆತ್ತಗಿನದನ್ನು ಏರಿಸಿ ಜೋರಿನದನ್ನು ಇಳಿಸುವ ಆ ಗುಂಡಿಯಲ್ಲಿ ವಿಲ್ಚರ್ ಅವರ ಉಪಾಯದ ಒಂದು ಚೂರು ಇದೆ.

ಒಂದು ಎಚ್ಚರಿಕೆ. ಉಳಿದ ಕಿವಿಯನ್ನು ಕೆಡಿಸಿ ಹಾಡು ಕೇಳಬಾರದು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳಿರುವ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. 3 ಡೆಸಿಬಲ್ ಏರಿದರೆ ಸಮಯ ಅರ್ಧವಾಗುತ್ತೆ. ಮಂದವಾದ ಕಿವಿಗೂ ಈ ಮಿತಿ ಅಷ್ಟೇ, ಮಂದವಾಗಿದೆ ಅಂತ ಅದಕ್ಕೆ ರಿಯಾಯಿತಿ ಇಲ್ಲ. ಮಾತೇ ಅರ್ಥವಾಗದ ಹಂತಕ್ಕೆ ಬಂದಿದ್ದರೆ ಸಿಸ್ಟಮ್ ಸರಿಪಡಿಸುವುದರಲ್ಲಿ ದಿನ ಕಳೆಯಬೇಡಿ, ಶ್ರವಣ ಸಾಧನವೇ ಬೇಕು.

ಸೂತ್ರಗಳೆಲ್ಲ ಶುರು ಮಾಡುವ ಜಾಗ ತೋರಿಸುತ್ತವೆ, ನಿಲ್ಲಿಸುವ ಜಾಗ ಹೇಳಬೇಕಾದವರು ಕೇಳುವವರೇ. ಲೈಬಾರ್ಗರ್ ಮಾಡಿದ್ದೂ ಅಷ್ಟೆ, ಜನ ತಾವಾಗಿ ನಾಬ್ ಎಲ್ಲಿ ನಿಲ್ಲಿಸುತ್ತಾರೆ ಅಂತ ನೋಡಿದರು. ನೀವೂ ತಾತನ ಪಕ್ಕ ಕೂತು, ಅವರಿಗೆ ಬಾಯಿಪಾಠ ಇರುವ ಒಂದು ಕೀರ್ತನೆ ಹಾಕಿ, “ಈಗ ಹೇಗಿದೆ ತಾತ? ಈ ಕಡೆ ಜಾಸ್ತಿ ಆಯ್ತಾ?” ಅಂತ ಕೇಳುತ್ತಾ ಹೋಗಿ. ಎರಡು ಸಂಜೆ ಹಿಡಿಯಬಹುದು. ಆಮೇಲೆ ಸಿಸ್ಟಮ್ ಆರಿಸಿ, ಅವರ ಒಳ್ಳೆಯ ಕಿವಿಯ ಕಡೆ ಕೂತು, ಮುಖ ಕಾಣುವ ಹಾಗೆ, ಕಿರುಚದೆ, ಸ್ವಲ್ಪ ನಿಧಾನವಾಗಿ ಮಾತಾಡಿ.